ಕೀಬೋರ್ಡಿನ ಮೇಲಿನ ಟವೆಲ್

ನಿನ್ನೆ ಕರೆಂಟು ಹೋಗಿ ಬಂದ ಮೇಲೆ ನನ್ನ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ ಮೂಡಿತು: ಡಿಸ್ಕ್ ಪರೀಕ್ಷಿಸಬೇಕು, ಬೇಡವೆಂದರೆ ಯಾವುದಾದರೂ ಕೀ ಒತ್ತಿ. ಹತ್ತು, ಒಂಬತ್ತು, ಎಂಟು... ಮುಂದೆ ಹೋದ ಬೆರಳು ಅಲ್ಲೇ ನಿಂತಿತು. ಅರಸೀಕೆರೆಯ ಟೈಪಿಂಗ್ ಅಕ್ಕ ನೆನಪಾದರು.

ಸ್ಟೇಷನ್ ರಸ್ತೆಯ ಕೊಬ್ಬರಿ ಮಂಡಿಯ ಪಕ್ಕ ಅವರ ಡಿಟಿಪಿ ಅಂಗಡಿ. ಭಾನುವಾರಗಳಲ್ಲಿ ನಮ್ಮಜ್ಜಿಯನ್ನು ಜಾವಗಲ್‌ನಿಂದ ಬಸ್ಸಿನಲ್ಲಿ ಕರೆತಂದು ಅಲ್ಲಿ ಕೂರಿಸುತ್ತಿದ್ದೆ. ಅಜ್ಜಿ ಸೋಬಾನೆ ಪದ ಹೇಳುತ್ತಿದ್ದಳು, ಅಕ್ಕ ಕೇಳಿ ಕೇಳಿ ನೇರವಾಗಿ ಟೈಪ್ ಮಾಡುತ್ತಿದ್ದರು. ಶಾಲೆ ಮೇಷ್ಟ್ರಾದ ನಾನು ಒಂದು ನೋಟ್‌ಬುಕ್ಕಿನಲ್ಲೂ ಬರೆದಿಡಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಆ ಪದಗಳು ಉಳಿದಿದ್ದು ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ.

ಆಗಲೇ ನನ್ನ ತಲೆಗೆ ಅನುಮಾನದ ಹುಳ ಹೊಕ್ಕಿತು. ಪ್ರಿಂಟ್ ಕೇಳಿದರೆ "ತಿದ್ದೋದು ಮುಗೀಲಿ" ಎನ್ನುತ್ತಿದ್ದರು. ಬೇರೆ ಯಾರಿಗೋ ಪುಸ್ತಕ ಮಾಡಲು ಕೊಟ್ಟಿರಬೇಕು ಅಂದುಕೊಂಡೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ...

ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಅಕ್ಕ ಡಿಸ್ಕನ್ನು ಪರೀಕ್ಷೆಗೆ ಬಿಟ್ಟು, ಯಾರೂ ಮುಟ್ಟದಿರಲೆಂದು ಎಂದಿನಂತೆ ಕೀಬೋರ್ಡಿನ ಮೇಲೆ ಟವೆಲ್ ಹೊದಿಸಿದರು, ಕೆಂಪಂಚು ತಮ್ಮ ಕುರ್ಚಿಯ ಕಡೆಗೆ.

"ಒಂದ್ ಗಂಟೆ ಆಯ್ತದೆ ಮೇಷ್ಟ್ರೇ. ಬಾಣಂತಿ ಇದ್ದಂಗೆ ಅದು, ಅವಸರ ಮಾಡಬಾರ್ದು. ಊಟ ಮಾಡ್ಕಂಡ್ ಬತ್ತೀನಿ, ನೋಡ್ಕಳಿ."

ಪದಗಳನ್ನು ಯಾರಿಗೋ ಕೊಟ್ಟು, ಇಲ್ಲಿಂದ ಅಳಿಸಿ ನಾಟಕವಾಡುತ್ತಿದ್ದಾರೆ ಎನಿಸಿತು. ಸ್ವಿಚ್ ಆರಿಸಿ ಮತ್ತೆ ಹಾಕಿದೆ. ಕೀ ಒತ್ತಿ ಪರೀಕ್ಷೆ ತಪ್ಪಿಸಿದೆ. ನೋಡಿದರೆ ಪದಗಳೆಲ್ಲ ಇದ್ದವು! ನಾಚಿಕೆಯಾಯಿತು. ಟವೆಲ್ ಮತ್ತೆ ಹೊದಿಸಿ ಕೂತೆ.

"ಇಷ್ಟ್ ಬೇಗ ಮುಗೀತಾ?" ಎಂದರು, ಊಟದಿಂದ ಬಂದವರು.

"ಮುಗೀತು," ಎಂದೆ.

ಅವರು ನಂಬಿ, ಸಂಜೆಯವರೆಗೂ ಪದಗಳನ್ನು ತಿದ್ದಿ ಸೇವ್ ಮಾಡಿದರು. ಮರುದಿನ ತೆರೆದರೆ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು... ಪೆಟ್ಟು ತಿಂದ ಡಿಸ್ಕನ್ನು ಪರೀಕ್ಷಿಸದೆ ಅದರ ಮೇಲೆಯೇ ಬರೆದದ್ದು ತಪ್ಪು ಎಂದು ರಿಪೇರಿಯವರು ಹೇಳಿದರು.

"ನೀವೇನಾದ್ರೂ ಮುಟ್ಟಿದ್ರಾ ಮೇಷ್ಟ್ರೇ?"

"ಇಲ್ಲ."

ಅಕ್ಕ ಟವೆಲನ್ನು ಕೈಗೆತ್ತಿಕೊಂಡರು. "ಅವತ್ತು ನಾನು ಊಟದಿಂದ ಬಂದಾಗ ಕೆಂಪಂಚು ಗೋಡೆ ಕಡೀಕಿತ್ತು," ಎಂದರು, ಅಷ್ಟೆ. ಆಮೇಲೆ ನಾನು ಹೋದಾಗಲೆಲ್ಲ ಕಾಫಿ ಕೊಟ್ಟರು, ಮಾತಾಡಿಸಿದರು. ಆದರೆ ನನ್ನನ್ನು ಅಂಗಡಿಯಲ್ಲಿ ಒಬ್ಬನೇ ಬಿಟ್ಟು ಒಂದು ಸಲವೂ ಹೊರಗೆ ಹೋಗಲಿಲ್ಲ.

ಈಗ ಅಕ್ಕ ಇಲ್ಲ. ಅವರ ಅಂಗಡಿಯೂ ಮಂಡಿಗೆ ಸೇರಿಹೋಗಿದೆ. ಅಜ್ಜಿಯ ಪದಗಳಲ್ಲಿ ನನ್ನ ಬಾಯಿಗೆ ಬರುವುದು ಎರಡು ಸಾಲು ಮಾತ್ರ. ತಪ್ಪು ನನ್ನದೆಂದು ಅವರ ಮುಂದೆ ಹೇಳದೇ ಹೋದದ್ದು ಇಂದಿಗೂ ಒಳಗೆ ಸುಡುತ್ತದೆ.

ನಿನ್ನೆ ಪರೀಕ್ಷೆ ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ಮನೆಯಲ್ಲಿ ನಾನು ಬಿಟ್ಟರೆ ಇನ್ಯಾರೂ ಇರಲಿಲ್ಲ. ಆದರೂ ಕೀಬೋರ್ಡಿನ ಮೇಲೆ ಟವೆಲ್ ಹೊದಿಸಿ ಕೂತೆ. ಅದನ್ನು ನನ್ನ ಕೈಯಿಂದಲೇ ಕಾಪಾಡಬೇಕಿತ್ತು.