ಗುರುವಾರದ ಒಂದು ತಾಸು

ಆರತಿಗೆ ವಾರದಲ್ಲಿ ಒಂದು ತಾಸು ಸಿಗುತ್ತಿತ್ತು. ಗುರುವಾರ ಮಧ್ಯಾಹ್ನ ಮೂರರಿಂದ ನಾಲ್ಕು.

ಗುರುವಾರ ಯಾಕೆಂದರೆ, ತಳವಡೆಯಲ್ಲಿ ಅವಳು ಕೆಲಸಕ್ಕೆ ಹೋಗುವ ರಟ್ಟಿನ ಡಬ್ಬಿ ಕಾರ್ಖಾನೆಗೆ ವಾರದ ಸುಟಿ ಅಂದೇ. ಮೂರಕ್ಕೆ ಯಾಕೆಂದರೆ, ಅಷ್ಟರೊಳಗೆ ವಾರದ ಬಟ್ಟೆ ಒಗೆದು ಗಚ್ಚಿಯ ಮೇಲೆ ಹರವಿ, ಜೋಳ ಹಸನು ಮಾಡಿ ಗಿರಣಿಗೆ ಹಾಕಿಸಿ ತಂದು, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುವುದು ಮುಗಿದಿರುತ್ತಿತ್ತು. ನಾಲ್ಕಕ್ಕೆ ನಳದ ನೀರು ಬರುತ್ತಿತ್ತು. ನಳ ಬಂತೆಂದರೆ ಅವಳ ಕೈಗಳು ಮತ್ತೆ ಮನೆಯವು.

ಲಗ್ನವಾಗಿ ಶಹಾಪುರದಿಂದ ಪುಣೆಯ ಬದಿಯ ಈ ನಿಗಡಿಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಒಂದು ಖೋಲಿ, ಒಂದು ಅಡಿಗೆಮನೆ. ಗಂಡ ದೇವಾನಂದ ಕುರಕುಂಭದಲ್ಲಿ ಕೆಮಿಕಲ್ ಕಂಪನಿಯ ಆಪರೇಟರ್. ಅಲ್ಲೇ ನಾಲ್ಕು ಜನರೊಂದಿಗೆ ರೂಮು ಮಾಡಿಕೊಂಡು, ಶನಿವಾರ ಸಂಜೆ ವಾರದ ಬಟ್ಟೆಯ ಚೀಲದೊಂದಿಗೆ ಮನೆಗೆ ಬರುತ್ತಿದ್ದ. ಭಾನುವಾರ ಅವನು ಮಲಗಿರುವಾಗ ಆರತಿ ಕೆಲಸಕ್ಕೆ ಹೋಗಿರುತ್ತಿದ್ದಳು. ಸೋಮವಾರ ನಸುಕಿನಲ್ಲಿ ಅವನು ಇಪ್ಪತ್ತು ರೊಟ್ಟಿಯ ಬುತ್ತಿ ಹಿಡಿದು ಹೊರಡುತ್ತಿದ್ದ. ಅವನ ತಾಯಿ ಸಾಬವ್ವ ಮನೆಯಲ್ಲೇ ಇರುತ್ತಿದ್ದಳು. ಮಗಳು ದುರ್ಗಾ ಹನ್ನೊಂದನೆಯ ತರಗತಿ. ಕಾಲೇಜು, ಅಲ್ಲಿಂದ ಕ್ಲಾಸು. ಅಭ್ಯಾಸ ಮಾಡುವ ಹುಡುಗಿಗೆ ಕೆಲಸ ಹೇಳಬಾರದೆಂದು ಆರತಿಯೇ ನಿಯಮ ಮಾಡಿದ್ದಳು. ಆ ನಿಯಮದ ಭಾರವೂ ಅವಳದೇ.

ಆ ಒಂದು ತಾಸಿನಲ್ಲಿ ಆರತಿ ಕಾರ್ಡು ಮಾಡುತ್ತಿದ್ದಳು.

ಕಾರ್ಖಾನೆಯಲ್ಲಿ ಡಬ್ಬಿ ಕತ್ತರಿಸಿದ ಮೇಲೆ ಅಂಚಿನ ರಟ್ಟು ಉಳಿಯುತ್ತದೆ. ಅಂಗೈಯಗಲದ ಪಟ್ಟಿಗಳು, ಒಂದು ಬದಿ ನುಣುಪು, ಒಂದು ಬದಿ ಬೂದಿ ಬಣ್ಣ. ಎಲ್ಲವೂ ಗುಜರಿಯ ಭಂಗಾರಿಗೆ ಹೋಗುವಂಥವು. ಆರು ವರ್ಷದ ಹಿಂದೆ ಒಂದು ದಿನ ಪಾರಿವಾಳದ ಕೊರಳಿನ ಬಣ್ಣದ ಪಟ್ಟಿಯೊಂದನ್ನು ಅವಳು ಊಟದ ಚೀಲದಲ್ಲಿ ಹಾಕಿಕೊಂಡಳು. ಸುಪರ್‌ವೈಜರ್ ನೋಡಿ, ‘ಘೇವೂನ್ ಜಾ, ಕಚರಾಚ್ ಆಹೆ’ ಅಂದ. ಕಸವೇ ತಾನೆ, ಒಯ್ಯಿ ಅಂತ. ಮನೆಗೆ ತಂದು ಮಡಚಿ, ಮೈದಾದ ಗೋಂದು ಕಾಯಿಸಿ, ಹಳೆಯ ಕುಪ್ಪಸದ ಜರಿಯ ಅಂಚು ಅಂಟಿಸಿದಳು. ಕಾರ್ಖಾನೆಯಲ್ಲಿ ದಿನಕ್ಕೆ ಒಂಬೈನೂರು ಡಬ್ಬಿಗೆ ಅಂಟು ಹಚ್ಚುವ ಕೈ ಅದು. ಆದರೆ ಅಲ್ಲಿ ಒಂಬೈನೂರೂ ಒಂದೇ ಥರ ಇರಬೇಕು. ಇಲ್ಲಿ ಒಂದರಂತೆ ಒಂದು ಇರಬೇಕಾಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಇದನ್ನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ದಸರೆಗೊಂದಿಷ್ಟು, ಸಂಕ್ರಾಂತಿಗೊಂದಿಷ್ಟು. ಊರ ಕಡೆ ಮೊದಲು ಸಂಕ್ರಾಂತಿಗೆ ಕಾರ್ಡು ಕಳಿಸುವ ರೂಢಿಯಿತ್ತು, ಒಳಗೆ ಚಿಟಿಕೆ ಕುಸುರೆಳ್ಳಿನ ಪುಡಿಕೆ ಇಟ್ಟು. ಈಗ ಎಲ್ಲರೂ ಮೊಬೈಲಿನಲ್ಲಿ ಕಳಿಸುತ್ತಾರೆ. ಆರತಿ ಮಾತ್ರ ಪುಡಿಕೆ ಕಟ್ಟುತ್ತಿದ್ದಳು.

ಈ ಸಲದ ಸಂಕ್ರಾಂತಿಗೆ ಹನ್ನೆರಡು ಕಾರ್ಡು ಮಾಡಿದಳು. ಕಾರ್ಖಾನೆಗೆ ಯಾವುದೋ ಗಡಿಯಾರದ ಕಂಪನಿಯ ಡಬ್ಬಿಯ ಕೆಲಸ ಬಂದಿತ್ತು, ಮಖಮಲ್ಲಿನಷ್ಟು ಮೆತ್ತನೆಯ ಕಪ್ಪು ರಟ್ಟು. ಆ ಕಪ್ಪಿನ ಮೇಲೆ ಬಿಳಿ ಎಳ್ಳನ್ನು ಒಂದೊಂದಾಗಿ ಅಂಟಿಸಿ ಗಾಳಿಪಟ ಮಾಡಿದಳು. ಎಳ್ಳು ಜರಡಿ ಹಿಡಿದು ಕೊಟ್ಟವಳು ಸಾಬವ್ವನೇ.

‘ಚಂದ ಕಾಣ್ತದ’ ಅಂದಿದ್ದಳು ಸಾಬವ್ವ. ‘ಚುಕ್ಕಿ ಮೂಡಿದಂಗ.’

ಪಕ್ಕದ ಮನೆಯ ಶಿಂದೆ ಕಾಕು ಒಂದು ಇಸಿದುಕೊಂಡು ಟಿವಿಯ ಮೇಲೆ ಇಟ್ಟಳು. ಪುಣೆಯಲ್ಲಿ ಸಂಕ್ರಾಂತಿ ಅಂದರೆ ಕಪ್ಪು. ಅಂಗಡಿಯ ಗೊಂಬೆಗಳಿಗೆಲ್ಲ ಕಪ್ಪು ಸೀರೆ, ತೊಟ್ಟಿಲ ಕೂಸಿಗೂ ಕಪ್ಪು ಅಂಗಿ, ಹೊಸ ಸೊಸೆಗೆ ಅತ್ತೆಯೇ ಕಪ್ಪು ಸೀರೆ ಉಡಿಸುತ್ತಾಳೆ. ಹತ್ತೊಂಬತ್ತು ಸಂಕ್ರಾಂತಿ ಇದನ್ನು ನೋಡಿದ ಆರತಿಗೆ ಇದು ಬೇರೆಯವರ ರೂಢಿ ಅನ್ನುವುದು ಮರೆತುಹೋಗಿತ್ತು. ಹನ್ನೆರಡರಲ್ಲಿ ಒಂದನ್ನು ಊರ ಕಡೆಯಿಂದ ಗಾರೆಯ ಗವಂಡಿ ಕೆಲಸಕ್ಕೆ ಬಂದಿದ್ದ ಕಾಂತಪ್ಪ ಮರಳಿ ಹೊರಟಾಗ ಅವನ ಕೈಯಲ್ಲಿ ಸುರಪುರಕ್ಕೆ ಕಳಿಸಿದಳು. ಅಲ್ಲಿ ದೇವಾನಂದನ ತಂಗಿ ಮಾನಮ್ಮ ಇದ್ದಳು. ಲಗ್ನವಾಗಿ ನಾಲ್ಕು ವರ್ಷಕ್ಕೆ ಬಸುರಾಗಿದ್ದಳು, ಐದು ತಿಂಗಳು.

ಸಂಕ್ರಾಂತಿಯ ಮರುದಿನ, ಗುರುವಾರ, ಮೂರಕ್ಕೆ ಸರಿಯಾಗಿ ಫೋನು ಬಂತು. ಸಾಬವ್ವ ಸ್ಪೀಕರ್ ಹಾಕಿದಳು. ಮಾನಮ್ಮನ ಅತ್ತೆ.

‘ಬೀಗತಿ, ನಾವು ನಿಮಗ ಏನ್ ಅನ್ಯಾಯ ಮಾಡೀವಿ?’

‘ಯಾಕ್ರಿ, ಏನಾಯ್ತು?’

‘ಬಸುರಿ ಹೆಣ್ಣಮಗಳಿಗೆ ಹಬ್ಬದ ದಿನ ಕರೀದು ಕಳಿಸ್ತಾರೇನ್ರಿ? ನಾನು ಹೊಸ್ತಿಲ ದಾಟಿಸಿಲ್ಲ ಅದನ್ನ. ಕಾಂತಪ್ಪನ ಕೈಯಾಗಿಂದ ಹಂಗೇ ತಗೊಂಡು ಹೊರಗಿನ ಕಟ್ಟಿ ಮ್ಯಾಲೆ ಇಟ್ಟೀನಿ. ಈ ಕೂಸು ನಿಮಗ ಬ್ಯಾಡಾಗ್ಯಾದೇನು?’

ಸಾಬವ್ವ ಆರತಿಯನ್ನು ನೋಡಿದಳು. ಆಮೇಲೆ ಫೋನಿಗೆ, ‘ನನಗ ಗೊತ್ತೇ ಇಲ್ರಿ ಯವ್ವ. ಸೊಸಿ ಮಾಡ್ಯಾಳ. ಅಕಿಗೆ ಎಲ್ಲಿ ತಿಳೀತದ’ ಅಂದಳು.

ಜರಡಿ ಇನ್ನೂ ಗೂಟಕ್ಕೆ ತೂಗುತ್ತಿತ್ತು. ಆರತಿ ಅದನ್ನು ನೋಡಿದಳು. ಸಿಟ್ಟು ಬರುತ್ತದೆಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ನಾಲ್ಕಕ್ಕೆ ನಳ ಬಂತು. ಎದ್ದು ಕೊಡ ಹಚ್ಚಿದಳು.

ಶನಿವಾರ ದೇವಾನಂದ ಬಂದ. ಚೀಲ ಬಾಗಿಲ ಬದಿ ಇಟ್ಟು, ಕೈಕಾಲು ತೊಳೆದು, ರೊಟ್ಟಿಯ ಮುಂದೆ ಕೂತ ಮೇಲೆ ಮಾತು ತೆಗೆದ. ಅವನು ಕೂಗಾಡುವ ಗಂಡಸಲ್ಲ. ಫೋನಿನಲ್ಲೇ ಎಲ್ಲ ಮುಗಿಸಿಕೊಂಡು ಬಂದಿದ್ದ.

‘ಬೀಗರ ಕೂಡ ಮಾತಾಡೀನಿ. ಸಮಾಧಾನ ಆಗ್ಯಾರ. ಮುಂದ ಏಳನೇ ತಿಂಗಳದಾಗ ಕುಬಸ ಮಾಡ್ತಾರ. ಬರೋ ಮುತ್ತೈದೆಯರಿಗೆ ಹಸಿರು ಬಳಿ ಕೊಡ್ತಾರಲ್ಲ, ಅದರ ಜೋಡಿ ಒಂದೊಂದು ಹಸಿರು ಕಾರ್ಡು ಕೊಡಬೇಕಂತ. ಕರೀದು ಮಾಡಿದ ಕೈಯಿಂದನ ಹಸಿರು ಆಗ್ಲಿ ಅಂದ್ರು ಮಾನಮ್ಮನ ಅತ್ತಿ. ನಲವತ್ತು.’

‘ನಲವತ್ತಾ?’

‘ಆರತಿ ಮಾಡ್ತಾಳ ಬಿಡ್ರಿ ಅಂದೀನಿ. ನಿನಗ ಹೆಂಗೂ ಹವ್ಯಾಸ ಅದ.’

‘ನನ್ನ ಕೇಳಬೇಕಿತ್ತು.’

‘ಈಗ ಹೇಳ್ಲಿಕತ್ತೀನಲ್ಲ.’

ಆರತಿ ತವೆಯ ಮೇಲಿನ ರೊಟ್ಟಿ ತಿರುವಿದಳು. ತಿರುವದೆ ಬಿಟ್ಟರೆ ಸುಡುತ್ತಿತ್ತು.

ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಏಳು ಗುರುವಾರ ಉಳಿದಿದ್ದವು. ಅವಳು ಒಂದು ತಾಸಿಗೆ ಒಂದೂವರೆ ಕಾರ್ಡು ಮಾಡುತ್ತಿದ್ದವಳು. ಈಗ ವಾರಕ್ಕೆ ಆರು ಆಗಬೇಕಿತ್ತು. ಆದ್ದರಿಂದ ಆ ತಾಸು ಬೆಳೆಯಿತು, ಸೋಮವಾರದ ಬೆಳಗಿಗೆ, ಮಂಗಳವಾರದ ಸಂಜೆಗೆ, ಬಸ್ಸಿನಲ್ಲಿ ಸೀಟು ಸಿಕ್ಕರೆ ಅಲ್ಲಿಗೂ. ಬೆಳೆದಷ್ಟೂ ಅವಳಿಂದ ದೂರವಾಯಿತು. ನಲವತ್ತೂ ಒಂದೇ ಥರ ಇರಬೇಕು, ಇಲ್ಲವಾದರೆ ಅವಳಿಗೆ ಚಲೋದು ಕೊಟ್ಟರು ನನಗೆ ಕೊಡಲಿಲ್ಲ ಅಂತ ಹೆಂಗಸರು ಜಗಳಾಡುತ್ತಾರೆ ಎಂದು ಸಾಬವ್ವ ಮೊದಲೇ ಹೇಳಿದ್ದಳು. ಹಾಗಾಗಿ ಆರತಿ ಒಂದು ಅಳತೆಯ ರಟ್ಟು ಕತ್ತರಿಸಿ ಇಟ್ಟುಕೊಂಡಳು. ಅದನ್ನೇ ಇಟ್ಟು ಗೆರೆ ಎಳೆಯುವುದು, ಕತ್ತರಿಸುವುದು, ಮಡಚುವುದು, ಮೇಲೊಂದು ತೊಟ್ಟಿಲು ಅಂಟಿಸುವುದು. ಕಾರ್ಖಾನೆಯ ಕೆಲಸ ಕೈಯಿಂದ ಮನೆಯೊಳಗೆ ನಡೆದು ಬಂದಿತ್ತು. ಸಾಬವ್ವ ಮಂಚದ ಮೇಲೆ ಕೂತು ಮುಗಿದವನ್ನು ಜೋಡಿಸುತ್ತಿದ್ದಳು.

‘ಇದರ ತೊಟ್ಟಿಲ ಡೊಂಕಾಗ್ಯಾದ ನೋಡು.’

‘ತೆಗೀತೀನ್ರಿ.’

‘ಮಾಡಾಕಿ ಮನಸಿಟ್ಟು ಮಾಡಬೇಕವ್ವ.’

ಮನಸ್ಸು ಎಲ್ಲಿದೆ ಎಂದು ಆರತಿ ಹುಡುಕಿ ನೋಡಿದಳು. ಹಸಿರು ರಟ್ಟಿನ ಮೇಲೆ ಹಸಿರು ತೊಟ್ಟಿಲು ಅಂಟಿಸುವಾಗ ಅವಳಿಗೆ ಬೇಸರವೂ ಇರಲಿಲ್ಲ, ದುಃಖವೂ ಇರಲಿಲ್ಲ. ಕೈ ಓಡುತ್ತಿತ್ತು. ಕಣ್ಣು ನೋಡುತ್ತಿತ್ತು. ಅವೆರಡರ ನಡುವೆ ಯಾರೂ ಇರಲಿಲ್ಲ.

ಕುಬಸಕ್ಕೆಂದು ಸುಟಿ ಹಾಕಿ ಸುರಪುರಕ್ಕೆ ಹೋದರು. ತವರಿನವರು ಅಂದಮೇಲೆ ಬುತ್ತಿ ಒಯ್ಯಬೇಕು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಐದು ಥರದ ಉಂಡೆ, ಶೇಂಗಾ ಹೋಳಿಗೆ, ಎಲ್ಲವನ್ನೂ ಆರತಿ ಎರಡು ಹಗಲು ನಿಂತು ಮಾಡಿದ್ದಳು. ಮಾನಮ್ಮ ಹಸಿರು ಸೀರೆ ಉಟ್ಟು ಕುರ್ಚಿಯ ಮೇಲೆ ಕೂತಿದ್ದಳು, ಮೈತುಂಬ ನಗೆ. ಅವಳಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಪಾಪ, ಅವಳನ್ನೂ ಯಾರೂ ಕೇಳಿರಲಿಲ್ಲ. ಮಾನಮ್ಮನ ಅತ್ತೆ ಬಳೆಯ ಜೊತೆ ಕಾರ್ಡು ಹಂಚಿದಳು. ಹೆಂಗಸರು ತಿರುವಿ ಮರುವಿ ನೋಡಿದರು.

‘ಎಲ್ಲಿ ಮಾಡಿಸೀರಿ ಇವನ್ನ? ಪುಣೆದಾಗಾ?’

‘ಹೌದು. ನಮ್ಮ ಮಾನಮ್ಮನ ಅಣ್ಣ ಮಾಡಿಸಿ ತಂದಾನ’ ಅಂದಳು ಮಾನಮ್ಮನ ಅತ್ತೆ. ‘ತಂಗಿ ಮ್ಯಾಲೆ ಭಾಳ ಜೀವ ಅವಂದು.’

ದೇವಾನಂದ ಪಡಸಾಲೆಯಲ್ಲಿ ಗಂಡಸರ ಜೊತೆ ಎಲೆ ಅಡಿಕೆ ಹಾಕುತ್ತಿದ್ದ. ಕೇಳಿಸಿರಬೇಕು, ಮೀಸೆಯಲ್ಲೇ ಸ್ವಲ್ಪ ನಕ್ಕ. ಆರತಿ ಒಳಗೆ ಪಂಕ್ತಿಗೆ ಸಾರು ಬಡಿಸುತ್ತಿದ್ದಳು. ಕಪ್ಪು ಕಾರ್ಡು ಸೊಸೆಯದಾಗಿತ್ತು, ಹಸಿರು ಕಾರ್ಡು ಮಗನದಾಗಿತ್ತು. ಲೆಕ್ಕ ಇಷ್ಟು ಸಲೀಸಾಗಿ ಕೂಡಿದ್ದನ್ನು ನೋಡಿ ಅವಳಿಗೆ ಆಶ್ಚರ್ಯವೂ ಆಗಲಿಲ್ಲ. ‘ಇನ್ನೊಂದೀಟು ಹಾಕ್ಲ್ಯಾ?’ ಎಂದು ಮುಂದಿನ ಎಲೆಗೆ ಹೋದಳು.

ನಿಗಡಿಗೆ ಮರಳಿದ ಮೇಲಿನ ಗುರುವಾರ ಮೂರಕ್ಕೆ ಅವಳು ಗೋಡೆಗೆ ಒರಗಿ ಕೂತಳು. ಕತ್ತರಿ ತೆಗೆಯಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ರಟ್ಟು ಮುಟ್ಟಿದರೆ ಕಾರ್ಖಾನೆಯ ರಟ್ಟು ಮುಟ್ಟಿದಂತೆ ಆಗುತ್ತಿತ್ತು. ಈ ಒಂದು ತಾಸು ಹೋಗಿಯೇಬಿಟ್ಟಿತೋ ಏನೋ ಎಂದು ಅವಳು ವಿಚಾರ ಮಾಡಿದಳು. ಯಾರದೋ ಮನೆಯ ಸಾಮಾನು ಕಳೆದುಹೋದುದನ್ನು ವಿಚಾರಿಸಿದ ಹಾಗೆ.

ಮೂರನೆಯ ಗುರುವಾರ ಮೈದುನ ಭೀಮು ಬಂದ. ದೇಹೂ ರೋಡಿನಲ್ಲಿ ಗುತ್ತಿಗೆದಾರನ ಕೈಕೆಳಗೆ ಪೇಂಟಿಂಗ್ ಕೆಲಸ ಮಾಡುತ್ತಿದ್ದ. ಮೇ ತಿಂಗಳಿಗೆ ಅವನ ಲಗ್ನ ಗೊತ್ತಾಗಿತ್ತು. ಬಂದವನೇ ಮಂಚದ ಮೇಲೆ ಕಾಲು ಚಾಚಿದ.

‘ವೈನಿ, ಚಾ. ಆಮ್ಯಾಲೆ ಒಂದು ಮಾತು ಅದ.’

ಚಹಾ ಬಂತು. ಮಾತೂ ಬಂತು.

‘ನನ್ನ ಲಗ್ನಪತ್ರಿಕಾ ಪ್ರೆಸ್ಸಿಗೆ ಕೊಡೂದು ಬ್ಯಾಡ ಅಂತ ಮಾಡೀವಿ. ಹುಡುಗಿ ಮನ್ಯಾಗೂ ಕುಬಸದ ಕಾರ್ಡು ನೋಡ್ಯಾರ. ಅಂಥವನ ಮಾಡಿಸ್ರಿ ಅಂದ್ರು. ಅಣ್ಣಾನೂ ಹೂಂ ಅಂದಾನ.’

‘ಎಷ್ಟು?’ ಅಂದಳು ಆರತಿ.

‘ಮುನ್ನೂರು. ಇನ್ನ ಟೈಮ್ ಅದ ಬಿಡು. ಗುರುವಾರ ನೀನು ಖಾಲಿನ ಇರ್ತಿ.’

ಸಾಬವ್ವ ತಲೆಯಾಡಿಸಿದಳು. ‘ಮನೀ ಹೆಣ್ಣಮಗಳ ಕೈಯಾಗಿನ ಪತ್ರಿಕಾ ಅಂದ್ರ ಅದರ ಮಾತೇ ಬ್ಯಾರೆ.’

ಆರತಿ ಭೀಮುವಿನ ಬರಿದಾದ ಬಟ್ಟಲನ್ನು ಎತ್ತಿಕೊಂಡಳು. ಮುನ್ನೂರು ಅಂದರೆ ವಾರಕ್ಕೆ ಐವತ್ತರ ಮೇಲೆ. ಅದಾದ ಮೇಲೆ ಮಾನಮ್ಮನ ಕೂಸಿನ ತೊಟ್ಟಿಲು, ಅದಾದ ಮೇಲೆ ಇನ್ನ್ಯಾರದೋ ಹೊಸ ಮನೆಯ ಶಾಂತಿ. ಕೆಲಸ ಜಾಸ್ತಿಯಾಯಿತು ಅಂದರೆ, ಯಾರಿಗಿಲ್ಲ ಕೆಲಸ ಎನ್ನುತ್ತಾರೆ. ಮನಸ್ಸಿಲ್ಲ ಅಂದರೆ, ಮೈದುನನ ಲಗ್ನಕ್ಕೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಈ ಮನೆಯಲ್ಲಿ ನಡೆಯುವ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು. ಅದನ್ನು ತನ್ನ ಬಾಯಿಂದಲೇ ಹೇಳಬೇಕಿತ್ತು, ಅಷ್ಟೇ.

‘ನಾ ಮಾಡಂಗಿಲ್ಲ, ಭೀಮು.’

‘ಯಾಕ?’

‘ಲಗ್ನದ ಕೆಲಸ. ನನ್ನ ಕೈ ಚಲೋ ಇಲ್ಲ. ಒಮ್ಮೆ ಈ ಕೈಯಿಂದ ಬಸುರಿ ಮನೀಗೆ ಕರೀದು ಹೋಗ್ಯಾದ. ನಾಳೆ ನಿಮ್ಮ ಸಂಸಾರದಾಗ ಏನರ ಹೆಚ್ಚುಕಮ್ಮಿ ಆದ್ರ, ಪತ್ರಿಕಾ ಮಾಡಿದಾಕಿ ಮ್ಯಾಲೆ ಬರ್ತದ. ಮುನ್ನೂರು ಮನೀಗೆ ಹೋಗೂದು.’

ಭೀಮು ಕಾಲು ಕೆಳಗಿಳಿಸಿದ. ಅಲ್ಲ ಬಿಡು, ಹಂಗೇನಿಲ್ಲ ಎಂದು ಯಾರಾದರೂ ಅನ್ನಬಹುದಿತ್ತು. ಆರತಿ ಅದಕ್ಕೂ ಒಂದು ಗಳಿಗೆ ಬಿಟ್ಟು ನೋಡಿದಳು.

‘ಅಕಿ ಹೇಳೂದು ಖರೇ ಅದ’ ಅಂದಳು ಸಾಬವ್ವ ಕೊನೆಗೆ. ‘ಪ್ರೆಸ್ಸಿಗೇ ಕೊಡಪ್ಪ. ಕುಬಸಂದ್ರ ಬೀಗರು ಕೇಳಿದ್ರು, ಮಾಡ್ಸಿದ್ವಿ. ಲಗ್ನದಾಗ ಬ್ಯಾಡ.’

‘ಮೊದಲೇ ಹೇಳಬಾರದೇನು, ಅಣ್ಣಗ ಹೇಳೇಬಿಟ್ಟೀನಿ’ ಎಂದು ಭೀಮು ಗೊಣಗಿದ. ವೈನಿಯ ಕೈಯನ್ನು ಒಮ್ಮೆ ನೋಡಿ, ನೋಡದವನಂತೆ ಮಾಡಿ ಹೋದ.

ಶನಿವಾರ ದೇವಾನಂದ ಬಂದಾಗ ಸಾಬವ್ವನೇ ಎಲ್ಲ ಹೇಳಿದಳು. ಅವನು ಹೂಂ ಅಂದ. ಭೀಮುವಿನ ಲಗ್ನದಲ್ಲಿ ಅಕ್ಕಿ ಅಳೆಯಲು, ಸುರಗಿಯ ನೂಲು ಸುತ್ತಲು, ಹೊಸ ಸೊಸೆಯ ಉಡಿ ತುಂಬಲು ತನ್ನನ್ನು ಕರೆಯುವುದಿಲ್ಲ ಎಂದು ಆರತಿಗೆ ಅಂದೇ ತಿಳಿಯಿತು. ಹೋಳಿಗೆ ಮಾಡಲು ಕರೆಯುತ್ತಾರೆ. ಒಲೆಯ ಮುಂದಿನ ಕೈಗೆ ಯಾವ ದೋಷವೂ ತಟ್ಟುವುದಿಲ್ಲ.

ಮುಂದಿನ ಗುರುವಾರ ಮೂರಕ್ಕೆ ಅವಳು ಕತ್ತರಿ ತೆಗೆದಳು. ಅಳತೆಯ ರಟ್ಟು ಕೈಗೆ ಬಂತು. ಅದನ್ನು ನಾಲ್ಕು ತುಂಡು ಮಾಡಿ ಒಲೆ ಒರೆಸುವ ಅರಿವೆಯ ಪಕ್ಕಕ್ಕೆ ಹಾಕಿದಳು. ಕಂದು ಬಣ್ಣದ ಒಂದು ಪಟ್ಟಿ ಆರಿಸಿಕೊಂಡು ಕಣ್ಣಳತೆಯಲ್ಲೇ ಮಡಚಿದಳು. ಮಡಿಕೆ ಸ್ವಲ್ಪ ಓರೆ ಬಂತು. ಹಾಗೇ ಬಿಟ್ಟಳು. ಸಂತೋಷ ಆಗುತ್ತದೇನೋ ಎಂದು ನೋಡಿದಳು, ಆಗಲಿಲ್ಲ. ಆಗದಿದ್ದರೂ ಕೈ ಮುಂದೆ ಹೋಯಿತು, ನಿಧಾನವಾಗಿ, ಯಾರಿಗೂ ಒಪ್ಪಿಸಬೇಕಾಗಿಲ್ಲದ ಕೈಯ ಹಾಗೆ.

ಕ್ಲಾಸಿಲ್ಲದೆ ಬೇಗ ಮನೆಗೆ ಬಂದಿದ್ದ ದುರ್ಗಾ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಕೇಳಿದಳು.

‘ಯಾರಿಗೆ ಮಮ್ಮಿ, ಅದು?’

‘ಯಾರಿಗೂ ಅಲ್ಲ.’

‘ಮತ್ತ ಯಾಕ ಮಾಡ್ಲಿಕತ್ತಿ?’

ಆರತಿ ಓರೆ ಮಡಿಕೆಯ ಅಂಚಿಗೆ ಗೋಂದು ಹಚ್ಚಿದಳು. ನಾಲ್ಕಾಗಲು ಇನ್ನೂ ಹದಿನೆಂಟು ನಿಮಿಷವಿತ್ತು.