ಮೇಜಿನಡಿಯ ತಪಾಸಣೆ

ಡಾಕ್ಟರನ್ನು ಕಂಡೊಡನೆ ನನ್ನ ನಾಲ್ಕು ವರ್ಷದ ಮಗಳು ಚೀರಿ ಮೇಜಿನಡಿ ನುಗ್ಗಿಬಿಟ್ಟಳು. ಜ್ವರವೆಂದು ದುಬಲಗುಂಡಿಯಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಕರೆತಂದಿದ್ದೆ. ಎಷ್ಟು ರಮಿಸಿದರೂ ಹೊರಗೆ ಬರಲಿಲ್ಲ. ಆಗ ಆ ವೈದ್ಯೆ ತಾವೇ ಮೇಜಿನಡಿ ತೂರಿ ಕುಳಿತು, ಸ್ಟೆತಾಸ್ಕೋಪನ್ನು ಅವಳ ಕಿವಿಗೆ ಹಾಕಿದರು.

"ಡಾಕ್ಟರ್ ಬಾಯಾರ, ನನಗ ಕೆಮ್ಮು ಭಾಳ ಆಗ್ಯಾದ. ಜರಾ ಎದಿ ನೋಡ್ರಿ" ಎಂದು ಜೋರಾಗಿ ಕೆಮ್ಮಿದರು.

ಮಗಳ ಅಳು ನಿಂತಿತು. ಅವರ ಎದೆಗೆ ಸ್ಟೆತಾಸ್ಕೋಪ್ ಒತ್ತಿ ಗಂಭೀರವಾಗಿ ಕೇಳಿಸಿಕೊಂಡು, "ಅಯ್ಯ, ಒಳಗ ಯಾರೋ ರೊಟ್ಟಿ ಬಡ್ಯಾಕತ್ತಾರ!" ಎಂದಳು. ವೈದ್ಯೆ ನಗು ತಡೆಯಲಾರದೆ, "ನಿಮ್ಮ ಎದ್ಯಾಗೂ ಬಡ್ಯಾಕತ್ತಾರೇನು ನೋಡೂಣು?" ಎಂದರು. ಮಗಳು ತಾನೇ ಅಂಗಿ ಎತ್ತಿ ಹಿಡಿದಳು. ತಪಾಸಣೆ ಅಲ್ಲೇ, ಮೇಜಿನಡಿಯೇ ಮುಗಿಯಿತು.

ಜ್ವರ ಬೇಗ ಇಳಿಯಿತು, ಭಯವೂ ಹೋಯಿತು. ಈಗ ನಮ್ಮ ಮನೆಗೆ ಬಂದ ನೆಂಟರು ಯಾರೂ ಅವಳಿಗೆ ಎದೆ ತೋರಿಸದೆ ಚಹಾ ಕುಡಿಯುವಂತಿಲ್ಲ.