ಇರುವೆ ಕೇಳಿದರೆ ಕೋಟು ಸಿಕ್ಕಿತು

ನಮ್ಮ ಚಿಕ್ಕಮ್ಮ ಮೂವತ್ತು ವರ್ಷದಿಂದ ಕೋಟು ಹೊಲಿಯುತ್ತಿದ್ದಾಳೆ. ಫೋನಿನಲ್ಲಿ ‘ಏನು ಬೇಕಾದರೂ ಕೇಳಿ’ ಎಂಬ ಗುಂಪಿಗೆ ಸೇರಿದ ಮೇಲೆ ಅವಳ ಹೆಬ್ಬೆರಳಿಗೆ ಬಿಡುವಿಲ್ಲ. ಬಿಗಿದುಕೊಂಡ ಡಬ್ಬಿಯ ಮುಚ್ಚಳ ತೆಗೆಯುವುದು ಹೇಗೆ, ಬೆಕ್ಕು ಖಾಲಿ ಗೋಡೆಯನ್ನು ಯಾಕೆ ದಿಟ್ಟಿಸುತ್ತದೆ, ಎಲ್ಲವನ್ನೂ ಅಲ್ಲೇ ಕೇಳುತ್ತಾಳೆ. “ಹೊಲಿಗೆ ವಿಷಯ ಮಾತ್ರ ಯಾರನ್ನೂ ಕೇಳಲ್ಲಪ್ಪ” ಎನ್ನುವುದು ಅವಳ ಜಂಬ.

ಮೊನ್ನೆ ಹೊಲಿಗೆ ಯಂತ್ರದ ಡ್ರಾಯರಿಗೆ ಇರುವೆ ಮುತ್ತಿದವು. ಫೋಟೊ ಹಾಕಿ, “ಇವನ್ನ ಓಡಿಸೋದು ಹೇಗೆ?” ಎಂದು ಕೇಳಿದಳು. ಹತ್ತು ನಿಮಿಷದಲ್ಲಿ ಎಂಬತ್ತು ಉತ್ತರ ಬಂದವು. ಇರುವೆಯ ಸುದ್ದಿ ಒಂದರಲ್ಲೂ ಇಲ್ಲ. “ಹಿಂದೆ ನೇತಾಕಿರೋ ಕೋಟಿಗೆ ಎರಡೂ ಕಡೆ ಎಡಗೈ ತೋಳೇ ಇದೆಯಲ್ಲ?” ಎಂದು ಯಾರೋ ನಿವೃತ್ತ ಪೋಸ್ಟ್‌ಮ್ಯಾನ್ ಕೇಳಿದ್ದ. ಉಳಿದವರೆಲ್ಲ ಹೌದು ಹೌದು ಎಂದು ನಕ್ಕಿದ್ದರು.

ಚಿಕ್ಕಮ್ಮ ತಿರುಗಿ ನೋಡಿದಳು. ಕೋಟಿನ ಬಲತೋಳು ಬೆನ್ನು ತುರಿಸಿಕೊಳ್ಳುವವರ ಕೈಯಂತೆ ಹಿಂದಕ್ಕೆ ಬಾಗಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತೆ.

“ಕಿಸಿಬೇಡ. ಗಿರಾಕಿಗೆ ಗೊತ್ತಾಗೋ ಮುಂಚೆ ಬಿಚ್ಚಿ ಹೊಲಿದ್ರಾಯ್ತು” ಎಂದು ಅವಳು ಕತ್ತರಿ ಹಿಡಿದಳು.

ಅಷ್ಟರಲ್ಲಿ ಎಂಬತ್ತೊಂದನೆಯ ಉತ್ತರ ಬಂತು.

“ಅಕ್ಕ, ಡ್ರಾಯರಲ್ಲಿ ನಾಲ್ಕು ಲವಂಗ ಇಡಿ, ಇರುವೆ ಹೋಗ್ತವೆ. ನನ್ನ ಕೋಟು ನಾಳೆನೇ ಸಿಗುತ್ತಾ?”